ಕೂಸಿನ ತೂಕದ ಬ್ರೆಡ್ಡು

ದೀಪವಿಲ್ಲದ ಕೋಣೆಯಲ್ಲಿ ಕುಳಿತು ಕಣ್ಣಿಗೆ ರೆಪ್ಪೆ ಹೊಲಿಯುವವನೇ, ಅಳತೆಪಟ್ಟಿ ಹಿಡಿಯದೆ ಹತ್ತು ಬೆರಳುಗಳನ್ನೂ ಹೊಂದಿಸುವವನೇ, ಉಳಿದ ಮಣ್ಣಿನಲ್ಲಿ ಮೂಗು ತಿದ್ದಿ, ಅದು ಒಮ್ಮೊಮ್ಮೆ ತುಸು ದೊಡ್ಡದಾಯಿತೆಂದು ತಾನೇ ನಗುವವನೇ, ನಿನಗೆ ನಮಸ್ಕಾರ. ನಿನ್ನ ಕೆಲಸ ಎಲ್ಲಿ ಮೊದಲಾಗುತ್ತದೆ, ನಮ್ಮ ಮಾತು ಎಲ್ಲಿ ನಿಲ್ಲಬೇಕು ಎಂಬುದನ್ನು ಅರಿಯದ ನಾಲಗೆಯಿಂದ ಈ ಕಥೆ ಹೊರಟಿದೆ. ತಪ್ಪಿದರೆ ತಿದ್ದು, ನಗು ಬಂದರೆ ನೀನೂ ನಗು.

ಒಂದು ಊರು, ಆ ಊರಿನಲ್ಲಿ ಆರು ಮಹಡಿಯ ಒಂದು ಆಸ್ಪತ್ರೆ, ಆ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಕಿಟಕಿಗೆ ಕಪ್ಪು ಪರದೆ ಇಳಿಬಿಟ್ಟ ಒಂದು ಪುಟ್ಟ ಕೋಣೆ. ಅಲ್ಲಿ ಬಸುರಿಯರ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಮೆಲ್ಲಗೆ ಆಡಿಸಿ, ಒಳಗಿರುವ ಜೀವದ ತಲೆಯ ಅಗಲ, ತೊಡೆಮೂಳೆಯ ಉದ್ದ, ಹೊಟ್ಟೆಯ ಸುತ್ತಳತೆಗಳನ್ನು ಬರೆದುಕೊಡುವ ಅಳತೆಗಾತಿಯೊಬ್ಬಳು ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ಕೆಲಸ ಕಲಿಸಿದ ಹಿರಿಯಾಕೆ ಅವಳಿಗೆ ಕೊಟ್ಟ ಉಪದೇಶ ಒಂದೇ: "ಅಂಕಿ ಹೇಳು, ಮುಖ ಹೇಳ್ಬೇಡ." ಏಕೆಂದರೆ ಅದೇ ಮಂಚದ ಮೇಲೆ ಹತ್ತು ವರ್ಷ ಹಂಬಲಿಸಿ ಬಂದವಳೂ ಮಲಗುತ್ತಾಳೆ, ಇದು ಇಲ್ಲದಿದ್ದರೆ ಸಾಕಪ್ಪಾ ಎನ್ನುವವಳೂ ಮಲಗುತ್ತಾಳೆ. ಒಬ್ಬಳಿಗೆ ಮುಗುಳ್ನಗೆಯಾಗಿ ಕಂಡದ್ದು ಇನ್ನೊಬ್ಬಳಿಗೆ ತೀರ್ಪಾಗಿ ಕಂಡೀತು. ಆದ್ದರಿಂದ ಅಳತೆಗಾತಿ ಕೋಣೆಯೊಳಗೆ ಕಾಲಿಟ್ಟೊಡನೆ ಮುಖವನ್ನು ಹಲಗೆ ಮಾಡಿಕೊಳ್ಳುವಳು. ಆಸ್ಪತ್ರೆಯವರು ಅವಳನ್ನು ಕರೆಯುವುದೇ "ಹಲಗೆ ಮೇಡಂ" ಎಂದು. ಮುಖ ನೋಡಿದರೆ ಮುಖ ಸಡಿಲವಾದೀತೆಂಬ ಭಯದಿಂದ ಅವಳು ಮಲಗಿದವರ ಮುಖವನ್ನೂ ನೋಡುತ್ತಿರಲಿಲ್ಲ. ದೃಷ್ಟಿಯೆಲ್ಲ ಯಂತ್ರದ ಪರದೆಯ ಮೇಲೆ, ಬಿಡುವಾದಾಗ ಅವರ ಪಾದಗಳ ಮೇಲೆ. ಹೀಗಾಗಿ ಆ ಊರಿನ ಅರ್ಧದಷ್ಟು ತಾಯಂದಿರನ್ನು ಅವಳು ಕಾಲ್ಚೀಲದಿಂದ ಬಲ್ಲಳೇ ಹೊರತು ಮುಖದಿಂದ ಅಲ್ಲ.

ಇಂಥ ಹಲಗೆ ಮನೆಗೆ ಬಂದರೆ ಮಾತ್ರ ಬೇರೆಯೇ ಕಥೆ. ಅವಳ ನಗುವಿಗೆ ಅಣೆಕಟ್ಟು ಇರಲಿಲ್ಲ. ಮೊದಲು ಮೂಗಿನಲ್ಲಿ ಕುದುರೆಯಂತೆ ಕೆನೆದು, ಆಮೇಲೆ ಭುಜಗಳನ್ನು ಕುಣಿಸಿ, ಕಡೆಗೆ ಬಿಕ್ಕಳಿಕೆಯಲ್ಲಿ ಮುಗಿಯುವ ನಗು ಅದು. ಆಸ್ಪತ್ರೆಯಿಂದ ಎರಡು ಬೀದಿಯಾಚೆ ಬೇಕರಿ ಇಟ್ಟಿದ್ದ ಅವಳ ಗಂಡ, "ಇವಳು ಹಗಲೆಲ್ಲ ಕೂಡಿಟ್ಟಿದ್ದನ್ನ ಸಂಜೆ ನಮ್ಮ ಮೇಲೆ ಸುರೀತಾಳೆ" ಎನ್ನುತ್ತಿದ್ದ. ಅವನ ತಾಯಿ, ಅಂದರೆ ಅಳತೆಗಾತಿಯ ಅತ್ತೆ, ಮೂರು ಹೊತ್ತು ಪ್ರಾರ್ಥನೆ ತಪ್ಪಿಸದ ಹೆಂಗಸು. ಹಾಗೆಯೇ ಮೂರು ಹೊತ್ತು ಮಾತು ಕೂಡ. ಆ ದಂಪತಿಗೆ ಮಕ್ಕಳಾಗಲಿಲ್ಲ. ದತ್ತು ಕಚೇರಿಯ ಪಟ್ಟಿಯಲ್ಲಿ ಹೆಸರು ಬರೆಸಿ ಆರು ವರ್ಷವಾಗಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬ ಗಾದೆಯನ್ನು ಊರಿಗೆಲ್ಲ ಹೇಳುವ ಅತ್ತೆಯೇ ಆ ಆರು ವರ್ಷಗಳಲ್ಲಿ ಹದಿನಾಲ್ಕು ಕುಲಾವಿ ಹೆಣೆದು ಪೆಟ್ಟಿಗೆ ತುಂಬಿದ್ದಳು. ಕೇಳಿದರೆ, "ಗಾದೆ ಹೊಲಿಸೋದಕ್ಕೆ. ನಾನು ಹೆಣೀತಿದೀನಿ" ಎಂಬ ಉತ್ತರ ಸಿದ್ಧವಾಗಿತ್ತು.

ಇಷ್ಟಾದ ಮೇಲೆ ಒಂದು ಸೋಮವಾರ. ಮಂಚದ ಮೇಲೆ ಮಲಗಿದ್ದವಳ ಕಾಲಲ್ಲಿ ಹಸಿರು ಕಾಲ್ಚೀಲ ಒಂದು, ಕೆಂಪು ಕಾಲ್ಚೀಲ ಒಂದು. ಅವಳು ಗರ್ಭಪಾತಕ್ಕೆ ಬಂದವಳೆಂದು ಚೀಟಿ ಹೇಳುತ್ತಿತ್ತು. ಆ ಆಸ್ಪತ್ರೆಯ ನಿಯಮದಂತೆ ಇಪ್ಪತ್ತನಾಲ್ಕು ವಾರ ತುಂಬುವವರೆಗೆ ಹೆಣ್ಣಿನ ಮಾತೇ ಕಡೆಯ ಮಾತು; ಅಲ್ಲಿಂದಾಚೆಗೆ ವೈದ್ಯರ ಮಂಡಳಿ ಕೂಡಬೇಕು. ಆದುದರಿಂದ ಅಂದಿನ ಅಂಕಿಗೆ ತೂಕವಿತ್ತು. ಅಳತೆಗಾತಿ ತಲೆ ಅಳೆದಳು, ತೊಡೆ ಅಳೆದಳು, ಹೊಟ್ಟೆ ಅಳೆಯುವಷ್ಟರಲ್ಲಿ ಪರದೆಯ ಮೇಲಿನ ಪುಟ್ಟ ಜೀವ ಬಿಕ್ಕಳಿಸಿತು. ಒಂದಲ್ಲ, ಎರಡಲ್ಲ, ಲಯ ಹಿಡಿದು ಏಳು ಸಲ. ಪ್ರತಿಸಲವೂ ಇಡೀ ಮೈ ಚಿಮ್ಮಿ, ಎರಡೂ ಕೈ ಮೇಲೆದ್ದು, 'ಇದೇನಪ್ಪಾ ಹೀಗೆ' ಎಂಬಂತೆ ಕೆಳಗಿಳಿಯುತ್ತಿದ್ದವು. ಹನ್ನೊಂದು ವರ್ಷದ ಹಲಗೆ ಆ ಕ್ಷಣ ಬಿರುಕು ಬಿಟ್ಟಿತು. ಮೂಗಿನಿಂದ ಕುದುರೆ ಕೆನೆಯಿತು.

"ಏನಾಯ್ತು?" ಎಂದಿತು ಮಂಚ.

"ಏನಿಲ್ಲ. ಇಪ್ಪತ್ಮೂರು ವಾರ, ಎರಡು ದಿನ," ಎಂದು ಹಲಗೆ ಕೂಡಲೇ ಮುಚ್ಚಿಕೊಂಡಿತು. ಹಸಿರು ಕೆಂಪು ಪಾದಗಳು ಚಪ್ಪಲಿ ಹುಡುಕಿಕೊಂಡು ಹೊರಟುಹೋದವು.

ಮುಂದೆ ನಲವತ್ತು ದಿನ ಕಳೆದ ಮೇಲೆ ದತ್ತು ಕಚೇರಿಯಿಂದ ಬೇಕರಿಗೆ ಫೋನ್ ಬಂದಿತು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಹಿಟ್ಟಿನ ಕೈಯಲ್ಲೇ ತಲೆ ಕೆರೆದುಕೊಂಡು, ತಾಯಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿ ಅವಳನ್ನೂ ಬಿಳಿ ಮಾಡಿದ. "ಇಳಿಸೋ! ಕೂಸು ಬರೋಕ್ ಮುಂಚೆ ಅಜ್ಜೀನ ಮೇಲೆ ಕಳಿಸ್ತೀಯಾ?" ಎಂದು ಅವಳು ಕೂಗಿಕೊಂಡಳು.

ದತ್ತು ಕಚೇರಿ ಆಸ್ಪತ್ರೆಯ ಆರನೆಯ ಮಹಡಿಯಲ್ಲೇ ಇತ್ತು. ಅಲ್ಲಿನ ಅಧಿಕಾರಿಣಿ ಮುಚ್ಚುಮರೆಯಿಲ್ಲದ ಹೆಂಗಸು. ಕಡತ ಬಿಚ್ಚಿ ಎಲ್ಲವನ್ನೂ ಹೇಳಿದಳು. ಹೆತ್ತವಳು ಲಿಫ್ಟ್ ರಿಪೇರಿ ಕೆಲಸದವಳು. ಗರ್ಭಪಾತಕ್ಕೆ ಶುಕ್ರವಾರ ಸಮಯ ಗೊತ್ತಾಗಿತ್ತು. ಬುಧವಾರವೇ ನೋವು ಕಾಣಿಸಿಕೊಂಡು, ಇಪ್ಪತ್ಮೂರು ವಾರ ನಾಲ್ಕು ದಿನಕ್ಕೆ ಹೆಣ್ಣುಕೂಸು ಹೊರಬಂದಿತು. ತೂಕ ಐನೂರ ತೊಂಬತ್ತು ಗ್ರಾಮು. ಅಷ್ಟು ಎಳೆಯ ಕೂಸು ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ, ಆದ್ದರಿಂದ ಮಕ್ಕಳ ವೈದ್ಯೆ ತಾಯಿಯನ್ನೇ ಕೇಳಿದಳು: "ಪ್ರಯತ್ನ ಮಾಡ್ಲಾ, ಇಲ್ಲ ಬೆಚ್ಚಗೆ ಇಟ್ಕೊಂಡು ಸುಮ್ಮನಿರ್ಲಾ?" ತಾಯಿ "ಮಾಡಿ" ಎಂದಳು. ಮೂರನೆಯ ದಿನ, "ನಾನು ಸಾಕಲ್ಲ, ಸಾಕೋರಿಗೆ ಕೊಡಿ" ಎಂದಳು. ಕೂಸು ನಾಲ್ಕನೆಯ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಳೆಯುತ್ತಿದೆ. ಅದು ಆಸ್ಪತ್ರೆಯ ಬಾಗಿಲು ದಾಟುವ ದಿನ ಹೆತ್ತವಳು ಕಡೆಯ ಸಹಿ ಹಾಕಬೇಕು; ಅಲ್ಲಿಯವರೆಗೆ ಯಾವ ಗಳಿಗೆಯಲ್ಲಾದರೂ ಮನಸ್ಸು ಬದಲಿಸಬಹುದು, ಕಾರಣ ಹೇಳಬೇಕಾಗಿಲ್ಲ.

ಅಳತೆಗಾತಿ ಕಡತದಲ್ಲಿ ತನ್ನದೇ ಅಕ್ಷರ ಕಂಡಳು: ಇಪ್ಪತ್ಮೂರು ವಾರ, ಎರಡು ದಿನ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನಂತೆ ಅವಳ ಕೈ ಮೂಗಿಗೆ ಹೋಯಿತು.

"ಇದನ್ನ ಬರೆದಿದ್ದು ನಾನು," ಎಂದಳು.

"ಗೊತ್ತು. ನೀವು ಅಳತೆಕೋಲು ಓದಿದ್ದೀರಿ ಅಷ್ಟೆ. ಅಡ್ಡಿ ಇಲ್ಲ," ಎಂದಳು ಅಧಿಕಾರಿಣಿ. ನಗು ಕಡತದಲ್ಲಿ ಇರಲಿಲ್ಲ.

ಅಂದಿನಿಂದ ಬೆಳಗಿನ ಎಂಟು ಗಂಟೆಗೆ ನಾಲ್ಕನೆಯ ಮಹಡಿಯ ನರ್ಸು ಫೋನಿನಲ್ಲಿ ಆ ದಿನದ ತೂಕ ಹೇಳುವುದು ರೂಢಿಯಾಯಿತು. ಗಾಜಿನೊಳಗಿನ ಕೂಸನ್ನು ನೋಡಬಹುದಿತ್ತೇ ಹೊರತು ಎತ್ತಿಕೊಳ್ಳಲು ಇನ್ನೂ ಅನುಮತಿ ಇರಲಿಲ್ಲ. ಬೇಕರಿಯವನಿಗೆ ಕೈ ಸುಮ್ಮನಿರದು. "ಒಂಬೈನೂರ ನಲವತ್ತು ಗ್ರಾಮು ಅಂದ್ರೆ ಎಷ್ಟು ಅಂತ ಕೈಗೆ ಗೊತ್ತಾಗ್ಬೇಕು" ಎಂದು ಹಿಟ್ಟನ್ನು ತಕ್ಕಡಿಯಲ್ಲಿ ಕರಾರುವಾಕ್ಕಾಗಿ ತೂಗಿ, ಒಂದು ಬ್ರೆಡ್ಡು ಬೇಯಿಸಿದ. ಒಲೆಯಿಂದ ತೆಗೆದು ತೂಗಿದರೆ ಎಂಟುನೂರ ಇಪ್ಪತ್ತು! "ಅಯ್ಯೋ, ಕೂಸು ಇಳಿದುಹೋಯ್ತು!" ಎಂದು ಅವನು ಅಳುತ್ತಾ ನರ್ಸಿಗೆ ಫೋನ್ ಮಾಡಿದ. ಬೆಂದರೆ ನೀರು ಹಾರುತ್ತದೆ, ತೂಕ ಇಳಿಯುತ್ತದೆ ಎಂಬುದು ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವನಿಗೆ ಆ ದಿನ ಮರೆತುಹೋಗಿತ್ತು. ಮರುದಿನದಿಂದ ಲೆಕ್ಕ ಸರಿಮಾಡಿಕೊಂಡ. ಅಂಗಡಿಯ ಕರಿಹಲಗೆಯ ಮೇಲೆ ದಿನದಿನವೂ ಒಂದೇ ಒಂದು ಅಂಕಿ ಬರೆಯತೊಡಗಿದ. ಸಾವಿರದ ಹತ್ತು. ಸಾವಿರದ ನಲವತ್ತು. ಗಿರಾಕಿಗಳು ಅದು ಬೆಲೆಯೆಂದು ಹೌಹಾರಿದರು. ಆಮೇಲೆ ತೂಕವೆಂದು ಗೊತ್ತಾಗಿ, ಯಾವುದರ ತೂಕವೆಂದು ಮಾತ್ರ ಗೊತ್ತಾಗದೆ, ಅಂಕಿ ಏರಿದ ದಿನ ಕಾರಣವಿಲ್ಲದೆ ಖುಷಿಪಡತೊಡಗಿದರು. ಒಂದು ದಿನ ಮೂವತ್ತು ಗ್ರಾಮು ಇಳಿದಾಗ ಎದುರಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ಓಡಿಬಂದು, "ಏನಾಯ್ತು ಸ್ವಾಮಿ? ಯಾಕೆ ಇಳೀತು?" ಎಂದು ಕೇಳಿದ. ಅವನ ಕುರ್ಚಿಯಲ್ಲಿ ಅರ್ಧ ಮೀಸೆಯ ಗಿರಾಕಿಯೊಬ್ಬ ಕಾಯುತ್ತಿದ್ದ.

ಆದರೆ ಅಳತೆಗಾತಿಯ ನಗು ನಿಂತುಹೋಗಿತ್ತು. ಕಾರಣವನ್ನು ಒಂದು ಸಂಜೆ ಅಡುಗೆಮನೆಯ ಮೇಜಿನ ಮುಂದೆ ಬಾಯಿಬಿಟ್ಟಳು.

"ನಾನು ನಕ್ಕಿದ್ದಕ್ಕೇ ಅವಳು ಬುಧವಾರ 'ಮಾಡಿ' ಅಂದಿದ್ದು. ನನ್ನ ನಗು ಕೇಳಿ ಒಳಗೆ ಏನೋ ಚಂದ ಇದೆ ಅಂದ್ಕೊಂಡ್ಳು. ಅವಳ ತೀರ್ಮಾನಾನ ನಾನು ತಳ್ಳಿಬಿಟ್ಟೆ ರೀ. ತಳ್ಳಿದ್ದು ನಮ್ಮ ತೊಟ್ಟಿಲ ಕಡೆಗೆ."

"ಒಂದು ಜೀವ ಉಳೀತಲ್ಲೇ," ಎಂದಳು ಅತ್ತೆ. "ನಗು ತಾನೆ? ಪಾಪದಿಂದ ತಪ್ಪಿಸಿದ ನಗು. ಕೊಟ್ಟವನೇ ತಗೋಬೇಕು, ನಡುವೆ ನಾವ್ಯಾರು?"

"ಅತ್ತೆ, ಅವಳ ಮೈ ಅದು."

"ನಾನು ಒಂದ್ ಹೇಳ್ಲಾ?" ಎಂದ ಬೇಕರಿಯವನು. "ಹಿಟ್ಟು ಯಾವಾಗ ಬ್ರೆಡ್ಡಾಗುತ್ತೆ? ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಆ ಕ್ಷಣ ಮಾತ್ರ ಕಣ್ಣಿಗೆ ಸಿಕ್ಕಿಲ್ಲ. ಒಂದ್ಸಲ ಬಾಗಿಲು ತೆಗೆದ್ರೆ ಹಿಟ್ಟು, ಇನ್ನೊಂದ್ಸಲ ತೆಗೆದ್ರೆ ಬ್ರೆಡ್ಡು."

"ಹೆಂಗಸಿನ ಹೊಟ್ಟೆ ನಿಮ್ಮ ಒಲೆ ಅಲ್ಲ ರೀ. ಒಲೆಗೆ ಮನಸ್ಸಿಲ್ಲ, ಭಯ ಇಲ್ಲ, ನಾಳೆ ಕೆಲಸಕ್ಕೆ ಹೋಗ್ಬೇಕಾಗಿಲ್ಲ."

 ಪೂರ್ವಕಾಲದ ವೈದ್ಯರು ಬಸುರಿಯನ್ನು ಎರಡು ಹೃದಯದವಳೆಂದು ಕರೆದರು. ಆ ಎರಡು ಹೃದಯಗಳು ಎರಡು ದಿಕ್ಕಿಗೆ ಎಳೆದಾಗ ಯಾವುದರ ಮಾತು ನಡೆಯಬೇಕೆಂಬ ಪ್ರಶ್ನೆ ಆ ಮೇಜಿನ ಮೇಲೆಯೇ ಉಳಿಯಿತು.

"ಸಹಿಗೆ ಮುಂಚೆ ಅವಳಿಗೆ ಹೇಳ್ಬಿಡ್ತೀನಿ," ಎಂದಳು ಅಳತೆಗಾತಿ.

"ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ!" ಗಂಡ ಎದ್ದೇಬಿಟ್ಟ. "ಹೇಳಿ, ಅವಳು ಮನಸ್ಸು ಬದಲಾಯಿಸಿದ್ರೆ? ಆರು ವರ್ಷ ಕಣೇ! ಹೇಳ್ಲೇಬೇಕು ಅಂದ್ರೆ ಸಹಿ ಆದ್ಮೇಲೆ ಹೇಳು."

"ಆದ್ಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ಲ ರೀ. ಉಂಡ್ಮೇಲೆ ತೇಗಿದ ಹಾಗೆ."

ಕಡೆಗೂ ಕೂಸು ಮನೆಗೆ ಬರುವ ದಿನ ಬಂದಿತು. ತೂಕ ಎರಡು ಸಾವಿರದ ನಾನೂರು. ಬೇಕರಿಯವನು ಅದೇ ತೂಕದ ಬ್ರೆಡ್ಡನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಬಿಸಿಬಿಸಿಯಾಗಿ ಎದೆಗವಚಿಕೊಂಡು ಹೊರಟ. ನರ್ಸುಗಳಿಗೆ ಹಂಚಬೇಕೆಂಬ ಆಸೆ. ಅತ್ತೆ ಹದಿನಾಲ್ಕು ಕುಲಾವಿಗಳಲ್ಲಿ ಯಾವುದೆಂದು ತೀರ್ಮಾನಿಸಲಾರದೆ ಹದಿನಾಲ್ಕನ್ನೂ ಚೀಲಕ್ಕೆ ತುಂಬಿಕೊಂಡಳು. ಹೆತ್ತವಳೂ ಪಡೆಯುವವರೂ ಎದುರುಬದುರಾಗದಿರಲೆಂದು ಅಧಿಕಾರಿಣಿ ಅವಳಿಗೆ ಹತ್ತು ಗಂಟೆ, ಇವರಿಗೆ ಹನ್ನೊಂದು ಗಂಟೆ ಗೊತ್ತುಮಾಡಿದ್ದಳು. ಆದರೆ ಇವರು ಸಡಗರದಲ್ಲಿ ಮುಕ್ಕಾಲು ಗಂಟೆ ಮುಂಚೆ ಬಂದರು. ಅವಳು ಎಂದಿನಂತೆ ಕಾಲುಗಂಟೆ ತಡ. ಕೆಳಮಹಡಿಯಲ್ಲಿ ನಾಲ್ವರೂ ಒಂದೇ ಲಿಫ್ಟು ಹತ್ತಿದರು.

ಬಾಗಿಲು ಮುಚ್ಚಿತು. ರೂಢಿಯಂತೆ ಅಳತೆಗಾತಿ ಮುಖ ನೋಡಲಿಲ್ಲ, ಕಾಲು ನೋಡಿದಳು. ಎಣ್ಣೆಯ ಕಲೆ ಹಿಡಿದ ದಪ್ಪ ಬೂಟು, ಗಿಡ್ಡ ಪ್ಯಾಂಟು, ನಡುವೆ ಒಂದು ಹಸಿರು, ಒಂದು ಕೆಂಪು.

"ಆ ಕಾಲ್ಚೀಲ!" ಎಂದು ಚೀರಿದಳು.

"ಗೊತ್ತು ಮೇಡಂ, ಜೋಡಿ ಇಲ್ಲ," ಎಂದಳು ಸೊಂಟಕ್ಕೆ ಟೂಲ್ ಬೆಲ್ಟ್ ಕಟ್ಟಿದ ಆ ತರುಣಿ. "ಈಗ ಇದೇ ಜೋಡಿ ಆಗ್ಬಿಟ್ಟಿದೆ."

"ಸೋಮವಾರ. ಎರಡನೇ ಮಹಡಿ. ಇಪ್ಪತ್ಮೂರು ವಾರ, ಎರಡು ದಿನ. ಅವತ್ತು ನಕ್ಕಿದ್ದು ನಾನೇ. ನಗಬಾರ್ದಿತ್ತು. ಅದು ಬಿಕ್ಕಳಿಸ್ತು, ನಂಗೆ ತಡಕೊಳ್ಳೋಕಾಗ್ಲಿಲ್ಲ. ನನ್ನಿಂದ ನಿಮ್ಮ ಮನಸ್ಸು ಆ ಕಡೆ ವಾಲಿದ್ರೆ, ಸಹಿ ಹಾಕೋಕ್ ಮುಂಚೆ ಗೊತ್ತಿರ್ಲಿ."

ಬೇಕರಿಯವನು ಕಣ್ಣು ಮುಚ್ಚಿಕೊಂಡು ಬ್ರೆಡ್ಡನ್ನು ಬಿಗಿಯಾಗಿ ಅಪ್ಪಿಕೊಂಡ. ಲಿಫ್ಟಿನವಳು ಇವಳನ್ನು ನೋಡಿದಳು, ಅವನನ್ನು ನೋಡಿದಳು, ಚೀಲದಿಂದ ಇಣುಕುತ್ತಿದ್ದ ಹಳದಿ ಕುಲಾವಿಯನ್ನು ನೋಡಿದಳು.

"ಓ," ಎಂದಳು. "ನೀವಾ?"

ಬೆಲ್ಟಿನಿಂದ ಒಂದು ಸಣ್ಣ ಕೀಲಿ ತೆಗೆದು ಗುಂಡಿಗಳ ಕೆಳಗಿನ ರಂಧ್ರಕ್ಕೆ ಹಾಕಿ ತಿರುಗಿಸಿದಳು. ಲಿಫ್ಟು ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ ಗಕ್ಕನೆ ನಿಂತಿತು.

"ಅಯ್ಯೋ ದೇವರೇ, ಕೂಸಿನ ಮುಖ ನೋಡದೇ ಹೋಗ್ತೀನಲ್ಲಾ!" ಅತ್ತೆ ಕುಲಾವಿಗಳ ಸಮೇತ ಲಿಫ್ಟಿನವಳ ತೋಳಿಗೆ ಜೋತುಬಿದ್ದಳು.

"ಅಜ್ಜಿ, ಬೀಳಲ್ಲ. ಇದರ ಹಗ್ಗ ಹೋದ ತಿಂಗಳು ನಾನೇ ಹಾಕಿದ್ದು. ಮೇಲೆ ಹೋದ್ರೆ ಆಫೀಸರು, ಕೆಳಗೆ ಹೋದ್ರೆ ಡಾಕ್ಟರು. ಮಾತಾಡೋಕೆ ಇದೇ ಜಾಗ."

ಗೋಡೆಯ ಸ್ಪೀಕರು ಗೊರಗೊರ ಎಂದಿತು: "ಯಾರ್ರೀ ಒಳಗೆ? ಸಿಕ್ಕಿಹಾಕ್ಕೊಂಡಿದ್ದೀರಾ?"

"ರಿಪೇರಿ ನಡೀತಿದೆ!" ಎಂದು ಲಿಫ್ಟಿನವಳು ಕೂಗಿ, ಅಳತೆಗಾತಿಯ ಕಡೆ ತಿರುಗಿದಳು. "ಮೇಡಂ, ನಿಮ್ಮ ನಗು ಕೇಳಿಸ್ತು. ಕಾಲ್ಚೀಲ ನೋಡಿ ನಕ್ರು ಅಂದ್ಕೊಂಡೆ."

"ಏನು?"

"ಬೇರೆ ಬೇರೆ ಬಣ್ಣ, ನಗ್ತಾರಲ್ಲ ಎಲ್ರೂ! ಅವಮಾನ ಆಗಿ ಮನೆಗೆ ಹೋಗಿ, ಶುಕ್ರವಾರಕ್ಕೆ ಅಂತ ಒಂದು ಒಳ್ಳೆ ಜೋಡಿ ಒಗೆದು, ಒಣಗಿಸಿ, ಮಡಚಿ ಎತ್ತಿಟ್ಟೆ. ಬಿಳೀದು. ಇನ್ನೂ ಹಾಗೇ ಇದೆ."

 ಅಳತೆಗಾತಿ ತಿಂಗಳುಗಟ್ಟಲೆ ನುಂಗಿದ್ದ ತಪ್ಪು ಒಂದು ಜೊತೆ ಬಿಳಿಯ ಕಾಲ್ಚೀಲವಾಗಿ ಎದುರಿಗೆ ತೂಗಾಡುತ್ತಿತ್ತು.

"ಅಂದ್ರೆ, ಶುಕ್ರವಾರ ನೀವು..."

"ಬರ್ತಿದ್ದೆ. ಖಂಡಿತ ಬರ್ತಿದ್ದೆ." ಲಿಫ್ಟಿನವಳ ದನಿ ಕಡ್ಡಿ ಮುರಿದಂತಿತ್ತು. "ಟೂಲ್ ಬೆಲ್ಟು ಒಂದು ತೂತು ಮುಂದಕ್ಕೆ ಹೋದಾಗಲೇ ನಂಗೆ ಗೊತ್ತಾಗಿದ್ದು. ತಾಯಿ ಆಗೋ ಮನಸ್ಸು ನಂಗಿಲ್ಲ. ಯಾಕೆ ಅಂತ ಕೇಳಿದೋರಿಗೆಲ್ಲ ಒಂದೊಂದು ಕಾರಣ ಕೊಟ್ಟೆ, ಎಲ್ಲಾನೂ ನಿಜಾನೇ. ಆದ್ರೆ ಅಸಲು ಅದೇ. ಅದಕ್ಕೆ ನಾನು ಅಳ್ತಾ ಕೂತಿಲ್ಲ, ಯಾರೂ ಅಳಿಸೋಕೂ ಬರ್ಬೇಡಿ."

"ಮತ್ತೆ ಬುಧವಾರ ಯಾಕಮ್ಮಾ 'ಮಾಡಿ' ಅಂದೆ?" ಕೇಳಿದ್ದು ಅತ್ತೆ, ತೋಳು ಬಿಡದೆಯೇ.

ಲಿಫ್ಟಿನವಳು ಕೀಲಿಯನ್ನು ಬೆರಳಲ್ಲಿ ತಿರುಗಿಸಿದಳು.

"ಅಜ್ಜಿ, ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ಫೋನ್ ಬಂದ್ರೆ ಮೊದಲು ಎಳೀತೀವಿ. ಯಾಕೆ ಹತ್ತಿದ್ರಿ, ಎಲ್ಲಿಗೆ ಹೊರಟಿದ್ರಿ ಅಂತ ಕೇಳಲ್ಲ. ಶುಕ್ರವಾರದ್ದು ನನ್ನ ವಿಷಯ. ಬುಧವಾರ ಅವಳು ಹೊರಗೆ ಬಂದ್ಬಿಟ್ಟಿದ್ಳು, ಕೈ ಆಡಿಸ್ತಿದ್ಳು. ಡಾಕ್ಟರು ಕೇಳಿದ್ದು ಅವಳ ವಿಷಯ. ಎರಡಕ್ಕೂ ಉತ್ತರ ಕೊಟ್ಟಿದ್ದು ನಾನೇ. ಎರಡೂ ಒಂದಕ್ಕೊಂದು ಹೊಂದಲ್ಲ ಅಂತ ಜನ ಅಂತಾರೆ. ನನ್ನ ಕಾಲ್ಚೀಲಾನೂ ಹೊಂದಲ್ಲ. ಎರಡೂ ನನ್ನ ಕಾಲಲ್ಲೇ ಇದೆ."

ಸ್ಪೀಕರು ಮತ್ತೆ ಗೊರಗೊರ ಎಂದಿತು: "ರಿಪೇರಿ ಆಯ್ತಾ?"

"ಸ್ವಲ್ಪ ಇರ್ರೀ!" ಎಂದವಳು ಈ ಸಲ ಅತ್ತೆ. ಅನಂತರ ದನಿ ಇಳಿಸಿ, ನೆಲ ನೋಡುತ್ತಾ ಹೇಳಿದಳು: "ನೋಡಮ್ಮಾ, ಶುಕ್ರವಾರದ್ದನ್ನ ನಾನು ಪಾಪ ಅಂತಿದ್ದೆ. ಈಗ್ಲೂ ಅಂತೀನೇನೋ, ಇಷ್ಟು ವಯಸ್ಸಾದ್ಮೇಲೆ ನಾಲಿಗೆ ಬೇಗ ತಿರುಗಲ್ಲ. ಆದ್ರೆ ನಿನ್ನ ತೋಳು ಹಿಡ್ಕೊಂಡು ನಿನ್ನನ್ನ ಪಾಪಿ ಅನ್ನೋಕೆ ಬಾಯಿ ಬರ್ತಿಲ್ಲ."

"ತೋಳು ಬಿಟ್ಟು ಅನ್ನಿ ಅಜ್ಜಿ, ಪರವಾಗಿಲ್ಲ."

"ಬಿಟ್ರೆ ಬಿದ್ದುಹೋಗ್ತೀನಲ್ಲೇ!"

ಅಷ್ಟೇ ಸಾಕಾಯಿತು. ಅಳತೆಗಾತಿಯ ಮೂಗಿನಲ್ಲಿ ಕುದುರೆ ಕೆನೆಯಿತು. ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ಕುದುರೆ. ಅದು ಒಂದೇ ನೆಗೆತಕ್ಕೆ ಲಿಫ್ಟಿನ ನಾಲ್ಕೂ ಗೋಡೆಗೆ ಬಡಿಯಿತು. ಲಿಫ್ಟಿನವಳು ಮೊದಲು ಬೆಚ್ಚಿ, ಆಮೇಲೆ ನಕ್ಕು, ಆಮೇಲೆ ನಿಲ್ಲಿಸಲಾರದಾದಳು. ಅತ್ತೆ ಬೈಯುತ್ತಲೇ ನಕ್ಕಳು. ಬೇಕರಿಯವನು ಮಾತ್ರ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ. ಸ್ಪೀಕರಿನಾಚೆ ಯಾರೋ ಗಾಬರಿಯಿಂದ, "ಒಳಗಿರೋರಿಗೆ ಏನೋ ಆಗಿದೆ, ಬೇಗ ಬನ್ನಿ" ಎಂದು ಮತ್ತಾರನ್ನೋ ಕರೆಯುತ್ತಿದ್ದರು.

ನಗು ತಗ್ಗಿದಾಗ ಲಿಫ್ಟಿನವಳು ಕಣ್ಣೊರೆಸಿಕೊಂಡು ಕೇಳಿದಳು: "ಅದೇನಣ್ಣ, ಎದೆಗವಚಿಕೊಂಡಿರೋದು?"

"ಬ್ರೆಡ್ಡು. ಇವತ್ತು ಅವಳು ಎಷ್ಟಿದ್ದಾಳೋ ಅಷ್ಟೇ ತೂಕ. ಎರಡು ಸಾವಿರದ ನಾನೂರು. ಬೆಂದ ಮೇಲೆ ತೂಗಿದ್ದು," ಎಂದ ಅವನು, ಕಡೆಯ ಮಾತನ್ನು ಒತ್ತಿ.

"ನಾನು ನೋಡಿದಾಗ ಐನೂರ ತೊಂಬತ್ತು. ನನ್ನ ದೊಡ್ಡ ಸ್ಪ್ಯಾನರ್ ಅದಕ್ಕಿಂತ ಭಾರ." ಅವಳು ಕೈ ಚಾಚಿದಳು. "ಕೊಡಿ."

ಬೇಕರಿಯವನು ಕೊಟ್ಟ. ಕೊಡುವಾಗ ತನಗರಿವಿಲ್ಲದೆ ಒಂದು ಅಂಗೈಯನ್ನು ಬ್ರೆಡ್ಡಿನ ತಲೆಯ ಭಾಗಕ್ಕೆ ಆಸರೆ ಕೊಟ್ಟ. ಅವಳೂ ಹಾಗೆಯೇ ತೆಗೆದುಕೊಂಡಳು. ಬಿಳಿಯ ಬಟ್ಟೆಯೊಳಗೆ ಅದು ಇನ್ನೂ ಬೆಚ್ಚಗಿತ್ತು. ಲಿಫ್ಟಿನವಳು ಅದನ್ನು ತೋಳಲ್ಲಿಟ್ಟು ಒಮ್ಮೆ ತೂಗಿದಳು, ಇನ್ನೊಮ್ಮೆ ತೂಗಿದಳು.  ಅಳತೆಗಾತಿ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ತನ್ನ ಮಂಚದ ಮೇಲೆ ಮಲಗಿದ್ದ ಒಬ್ಬಳ ಮುಖವನ್ನು ನೇರವಾಗಿ ನೋಡಿದಳು. ಎಡಗೆನ್ನೆಯ ಮೇಲೆ ಗ್ರೀಸಿನ ಗೆರೆ. ಹುಬ್ಬುಗಳ ನಡುವೆ ಲೆಕ್ಕ ಹಾಕುವವರ ಗಂಟು. ಆ ಗಂಟು ನೋಡನೋಡುತ್ತ ಸಡಿಲವಾಯಿತು.

"ಚೆನ್ನಾಗಿ ಭಾರ ಇದ್ದಾಳೆ," ಎಂದಳು ಅವಳು. ಬಟ್ಟೆ ಸರಿಸಿ, ತುದಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು. "ಉಪ್ಪು ಕಮ್ಮಿ ಅಣ್ಣ."

"ಕಮ್ಮಿ ಇಲ್ಲ! ಹಿಟ್ಟಿಗೆ ತಕ್ಕಷ್ಟೇ..." ಎಂದು ಬೇಕರಿಯವನು ವಾದಕ್ಕೆ ನಿಂತ, ಹೆಂಡತಿ ಅವನ ಕಾಲು ತುಳಿದಳು.

"ಒಂದು ಮಾತು ಕೊಡ್ಬೇಕು," ಎಂದಳು ಲಿಫ್ಟಿನವಳು, ಬ್ರೆಡ್ಡನ್ನು ಹಿಂದಿರುಗಿಸುತ್ತಾ. "ದೊಡ್ಡವಳಾದ್ಮೇಲೆ ಕೇಳಿದ್ರೆ ಬುಧವಾರ ಮಾತ್ರ ಹೇಳಿ ನನ್ನನ್ನ ದೇವತೆ ಮಾಡ್ಬೇಡಿ. ಶುಕ್ರವಾರ ಮಾತ್ರ ಹೇಳಿ ರಾಕ್ಷಸಿ ಮಾಡ್ಬೇಡಿ. ಎರಡೂ ಹೇಳಿ. ಕಾಲ್ಚೀಲಾನೂ ಹೇಳಿ."

"ಎಲ್ಲಾ ಹೇಳ್ತೀವಿ. ಅವಳನ್ನ ಒಂದ್ಸಲ ನೋಡಲ್ವಾ? ನಾಲ್ಕನೇ ಮಹಡಿ, ಇಲ್ಲೇ," ಎಂದಳು ಅಳತೆಗಾತಿ.

"ಬೇಡ. ತೂಕ ಗೊತ್ತಾಯ್ತಲ್ಲ, ಸಾಕು. ಎರಡು ಬೀದಿ ಆಚೆ ಒಂದು ಬೇಕರಿ ಹಲಗೆ ಮೇಲೆ ಅಂಕಿ ಬರೀತಾರೆ ಅಂತ ಎಲ್ರೂ ಮಾತಾಡ್ತಾರೆ. ನಿಮ್ದೇ ಅಲ್ವಾ? ವರ್ಷಕ್ಕೆ ಒಂದು ದಿನ, ಅವಳು ಹುಟ್ಟಿದ ದಿನ ಬರೀರಿ. ದಾರೀಲಿ ಹೋಗ್ತಾ ನೋಡ್ಕೋತೀನಿ."

ಕೀಲಿ ತಿರುಗಿತು, ಲಿಫ್ಟು ಏರಿತು. ಆರನೆಯ ಮಹಡಿಯ ಬಾಗಿಲು ತೆರೆದಾಗ ಎದುರಿಗೆ ಅಧಿಕಾರಿಣಿ, ಇಬ್ಬರು ಕಾವಲುಗಾರರು, ಒಂದು ಗಾಲಿಕುರ್ಚಿ. ಒಳಗಿನಿಂದ ನಾಲ್ವರು ಕಣ್ಣು ಕೆಂಪಗೆ ಮಾಡಿಕೊಂಡು, ಬಾಯಿ ತುಂಬ ಬ್ರೆಡ್ಡು ಅಗಿಯುತ್ತಾ ಹೊರಬಂದರು. ಮೇಜಿನ ಮುಂದೆ ಅಧಿಕಾರಿಣಿ ಕಾಗದದ ಮೇಲಿನ ಬ್ರೆಡ್ಡಿನ ಪುಡಿಯನ್ನು ಊದಿ, "ಯಾರ ಒತ್ತಾಯವೂ ಇಲ್ಲ ತಾನೆ?" ಎಂದು ನಿಯಮದಂತೆ ಕೇಳಿದಳು. "ಒತ್ತಾಯ ಮಾಡಿದ್ದು ಲಿಫ್ಟಿಗೆ ಮಾತ್ರ," ಎಂದು ಲಿಫ್ಟಿನವಳು ಸಹಿ ಹಾಕಿ, ಮೆಟ್ಟಿಲಿಳಿದು ಹೋದಳು. ಆ ಹೆಜ್ಜೆಗಳ ಸದ್ದು ನಾಲ್ಕನೆಯ ಮಹಡಿಯ ಬಳಿ ಒಂದು ಕ್ಷಣ ತಡೆದು, ಮತ್ತೆ ಕೆಳಗಿಳಿಯಿತು.

ಕೂಸನ್ನು ಮೊದಲ ಸಲ ತೋಳಿಗೆ ತೆಗೆದುಕೊಂಡಾಗ ಅದು ಬಿಕ್ಕಳಿಸಿತು. ಏಳು ಸಲ. ಅಳತೆಗಾತಿ ಎಣಿಸಿ ನಕ್ಕಳು. ಈ ಸಲ ಯಾರ ಭಯವೂ ಇರಲಿಲ್ಲ.

ಕೂಸಿಗೆ ಒಂದು ವರ್ಷ ತುಂಬಿತು. ಬೇಕರಿಯ ಕರಿಹಲಗೆಯ ಮೇಲೆ ಮುಂಜಾನೆಯೇ ಅಂಕಿ ಬಿತ್ತು: ಎಂಟು ಸಾವಿರದ ನೂರು. ಎದುರಂಗಡಿಯ ಕ್ಷೌರಿಕ ಕತ್ತರಿ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಆದರೆ ಒಳಗಿನಿಂದ ಹಾಹಾಕಾರ ಕೇಳಿಬರುತ್ತಿತ್ತು. ಹಳೆಯ ರೂಢಿ ತಪ್ಪಬಾರದೆಂದು ಬೇಕರಿಯವನು ಎಂಟು ಸಾವಿರದ ನೂರು ಗ್ರಾಮಿನ ಒಂದೇ ಬ್ರೆಡ್ಡಿಗೆ ಕೈಹಾಕಿದ್ದ. ಬೆಂದರೆ ತೂಕ ಇಳಿಯುತ್ತದೆಂಬುದನ್ನು ಈ ಸಲ ನೆನಪಿಟ್ಟಿದ್ದ; ಬೆಂದರೆ ಗಾತ್ರ ಏರುತ್ತದೆಂಬುದನ್ನು ಮರೆತಿದ್ದ. ಹಿಟ್ಟಾಗಿ ಒಳಗೆ ಹೋದದ್ದು ಬ್ರೆಡ್ಡಾಗಿ ಹೊರಗೆ ಬರಲೊಲ್ಲದು; ಒಲೆ ತಣ್ಣಗಾದರೂ ಅದರ ಬಾಗಿಲಲ್ಲಿ ಭುಜ ಸಿಕ್ಕಿಸಿಕೊಂಡು ಕುಳಿತಿತ್ತು.

"ಕತ್ತರಿಸಿ ತೆಗೀರಿ," ಎಂದಳು ಅಳತೆಗಾತಿ.

"ಕತ್ತರಿಸೋದಾ? ಹುಟ್ಟಿದ ದಿನ?"

"ಎಣ್ಣೆ ಸವರೋ," ಎಂದಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಅತ್ತೆ. ಹಳದಿ ಕುಲಾವಿ ಈಗ ಆ ಮಗುವಿನ ಮುಷ್ಟಿಗೆ ಮಾತ್ರ ಹಿಡಿಸುತ್ತಿತ್ತು.

ಬೀದಿಯಲ್ಲಿ ಟೂಲ್ ಬೆಲ್ಟ್ ಕಟ್ಟಿದವಳೊಬ್ಬಳು ಹಲಗೆಯ ಅಂಕಿ ಓದಿಕೊಂಡು ಮುಂದೆ ಹೋದಳು. ಹತ್ತು ಹೆಜ್ಜೆ ಹೋದವಳು ಕೂಗಾಟ ಕೇಳಿ ನಿಂತಳು. ತಿರುಗಿ ಬಂದು ಬಾಗಿಲಲ್ಲಿ ಇಣುಕಿದಳು. ಸಿಕ್ಕಿಹಾಕಿಕೊಂಡದ್ದನ್ನು ಕಂಡ ಮೇಲೆ ಅವಳ ಕಾಲು ನಿಲ್ಲಲಿಲ್ಲ.

"ಸರೀರಿ ಅಣ್ಣ. ನಾಲ್ಕು ಸ್ಕ್ರೂ, ಅಷ್ಟೆ."

ಮೊಣಕಾಲೂರಿ ಕುಳಿತು ಒಲೆಯ ಬಾಗಿಲ ಚೌಕಟ್ಟನ್ನೇ ಬಿಚ್ಚಿ ಪಕ್ಕಕ್ಕಿಟ್ಟಳು. ಗಂಡ ಹೆಂಡತಿ ಒಳಗೆ ಕೈಹಾಕಿ ತಳ್ಳಿದರು, ಅವಳು ಎರಡೂ ಕೈಯಲ್ಲಿ ಹಿಡಿದು ಎಳೆದಳು, "ತಲೆ ಹುಷಾರು, ತಲೆ ಹುಷಾರು!" ಎಂದು ಅತ್ತೆ ಸೂಲಗಿತ್ತಿಯಂತೆ ಅರಚಿದಳು. ಒಮ್ಮೆಲೇ ಬ್ರೆಡ್ಡು ಹೊರಬಂದು, ಅದರ ಭಾರಕ್ಕೆ ಲಿಫ್ಟಿನವಳು ಹಿಮ್ಮುಖವಾಗಿ ಹಿಟ್ಟಿನ ಮೂಟೆಯ ಮೇಲೆ ಬಿದ್ದಳು. ಬೂಟುಗಳು ಗಾಳಿಯಲ್ಲಿ ಎದ್ದು ನಿಂತವು. ಒಂದು ಹಸಿರು, ಒಂದು ಕೆಂಪು.

ಮಗು ಅವೆರಡನ್ನೂ ನೋಡಿತು. ನೋಡಿ, ಮೊದಲು ಮೂಗಿನಲ್ಲಿ ಪುಟ್ಟ ಕುದುರೆಯಂತೆ ಕೆನೆಯಿತು, ಆಮೇಲೆ ಭುಜ ಕುಣಿಸಿತು, ಕಡೆಗೆ ಬಿಕ್ಕಳಿಸಿತು. ರಕ್ತದಿಂದ ಬಾರದ್ದು ಎಂಟು ತಿಂಗಳ ಸಹವಾಸದಿಂದ ಬಂದಿತ್ತು.

"ಎಂಟು ಸಾವಿರದ ನೂರು," ಎಂದಳು ಲಿಫ್ಟಿನವಳು, ಬ್ರೆಡ್ಡನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಿದ್ದಲ್ಲಿಂದಲೇ. ತುದಿಯಿಂದ ಒಂದು ಚೂರು ಮುರಿದಳು, ಅಗಿದಳು. "ಉಪ್ಪು ಸರಿಯಾಗಿದೆ."

ಈ ಕಥೆಯನ್ನು ಕೇಳಿದ ಎಲ್ಲರಿಗೂ ಒಳಿತಾಗಲಿ. ಹೊತ್ತವಳಿಗೆ ನೆಮ್ಮದಿ, ಹೊರಲಾರೆನೆಂದವಳಿಗೂ ನೆಮ್ಮದಿ ಸಿಗಲಿ. ಕಾದವರ ಕುಲಾವಿಗೆ ಒಂದು ತಲೆ ದೊರೆಯಲಿ. ಬೇಗ ಬಂದ ಕೂಸಿನ ತೂಕ ದಿನಕ್ಕಿಷ್ಟು ಏರಲಿ. ತೀರ್ಪು ನುಡಿಯುವ ನಾಲಗೆಗೆ ಒಮ್ಮೆ ಬಿಕ್ಕಳಿಕೆ ಬಂದು ತಡೆಯಾಗಲಿ. ನಡುವೆ ಸಿಕ್ಕಿಕೊಂಡ ಯಾರನ್ನಾದರೂ ಎಳೆದು ಹೊರತೆಗೆಯುವ ಎರಡು ಕೈಗಳು ಸದಾ ಹತ್ತಿರದ ಬೀದಿಯಲ್ಲೇ ನಡೆದಾಡುತ್ತಿರಲಿ. ಶುಭವಾಗಲಿ.